ಉರುಕುಂದಪ್ಪನವರು ಚಪ್ಪಲಿ ಹಾಕಿಕೊಂಡರೆ

ಉರುಕುಂದಪ್ಪನವರು ಯಾರ ತಪ್ಪನ್ನೂ ಕೂತಲ್ಲಿಂದ ಹೇಳುತ್ತಿರಲಿಲ್ಲ. ನಾವು ಮೈಕಿನ ಮುಂದೆ ಓದಿ ಮುಗಿಸುವವರೆಗೆ ಗೋಡೆ ನೋಡುತ್ತ ಕೇಳುತ್ತಿದ್ದರು. ಸರಿಯಿದ್ದರೆ ಚಹಾ ತರಿಸುತ್ತಿದ್ದರು. ಸರಿಯಿಲ್ಲದಿದ್ದರೆ ಒಂದು ಮಾತೂ ಆಡದೆ ಬಾಗಿಲ ಬಳಿ ಹೋಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಆಗ ನಾವೂ ಎದ್ದು ಹೊರಡಬೇಕು ಅಂತ ಅರ್ಥ.

ಆದೋನಿಯ ಮಾರ್ಕೆಟ್ ಯಾರ್ಡಿನ ರಸ್ತೆಯಲ್ಲಿ ಅವರದು ಸಣ್ಣ ರೆಕಾರ್ಡಿಂಗ್ ಅಂಗಡಿ. ಸೀರೆ ಅಂಗಡಿಯ ರಿಯಾಯಿತಿ, ಕಣ್ಣಿನ ಶಿಬಿರ, ನಾಟಕ, ತಪ್ಪಿಸಿಕೊಂಡ ಎಮ್ಮೆ, ಯಾವುದೇ ಸುದ್ದಿ ಇರಲಿ, ಅಲ್ಲಿ ದನಿ ಮುದ್ರಿಸಿ ಮೈಕ್ ಕಟ್ಟಿದ ಆಟೋದಲ್ಲಿ ಊರೂರಿಗೆ ಕಳಿಸುತ್ತಿದ್ದರು. ಪಟ್ಟಣಕ್ಕೆ ತೆಲುಗು, ಹೊಳೆದಂಡೆಯ ಹಳ್ಳಿಗಳಿಗೆ ಕನ್ನಡ. ನಂದವರಂನಿಂದ ಬಂದ ನನ್ನನ್ನು ಕನ್ನಡಕ್ಕೆಂದು ತೆಗೆದುಕೊಂಡಿದ್ದರು. ದನಿ ಪಳಗಿದರೆ ಮಾತ್ರ ಕೆಲಸ ಕಾಯಂ ಅಂತ ಮೊದಲೇ ಹೇಳಿದ್ದರು.

ನನ್ನ ಮೊದಲ ರೆಕಾರ್ಡಿಂಗಿಗೇ ಅವರು ಚಪ್ಪಲಿ ಹಾಕಿಕೊಂಡರು. ಆಟೋ ಓಡಿಸುವ ಮೌಲಾಲಿ ಮುಂದೆ ನಿಧಾನವಾಗಿ ಹೋಗುತ್ತಿದ್ದ, ನನ್ನದೇ ದನಿಯ ಹಿಂದೆ ನಾನು ನಾಚಿಕೊಂಡು ನಡೆಯುತ್ತಿದ್ದೆ. ಪಕ್ಕದಲ್ಲಿ ನಡೆಯುತ್ತಿದ್ದ ಉರುಕುಂದಪ್ಪನವರು, ಕಿವಿ ನಿನ್ನ ಕಡೆ ಬೇಡ, ಕಣ್ಣು ಜನರ ಕಡೆ ಇರಲಿ ಅಂದರು. ಸ್ವಲ್ಪ ದೂರದಲ್ಲಿ ಒಬ್ಬ ಅಜ್ಜಿ ಕೈ ಅಡ್ಡ ಹಾಕಿ, ಯಾವ ಅಂಗಡಿಯಪ್ಪಾ ಅಂತ ಮೌಲಾಲಿಯನ್ನು ಕೇಳಿದಳು. ತಿರುವಿನಲ್ಲಿ ಇನ್ನೊಬ್ಬಳು ಅದನ್ನೇ ಕೇಳಿದಳು.

"ಮೌಲಾಲಿನ್ನ ನಿಲ್ಲಿಸಿ ಕೇಳಾಕ ಹತ್ಯಾರಂದ್ರ, ನೀ ಹೇಳಿಲ್ಲ ಅಂತ ಆತು. ಏನು ಬಿಟ್ಟಿ, ನೀನ ಹೇಳು" ಅಂದರು.

ಅಂಗಡಿಯ ಹೆಸರನ್ನು ಒಂದೇ ಉಸಿರಿನಲ್ಲಿ ನುಂಗಿಬಿಟ್ಟಿದ್ದೆ ಅಂತ ಒಪ್ಪಿಕೊಂಡೆ.

"ಅಷ್ಟ ನೋಡವ್ವ. ನಿನ್ನ ದನಿ ಕೆಟ್ಟಿಲ್ಲ. ಆ ಒಂದು ಸಾಲು ಹಿಂಡು ಬಿಟ್ಟು ಓಡೈತಿ. ಹೋಗಿ ಹಿಡಕೊಂಡು ಬಾ."

ಇದನ್ನು ಅಂಗಡಿಯಲ್ಲೇ ಹೇಳಬಹುದಿತ್ತಲ್ಲ ಸಾರ್ ಅಂದೆ. ಒಳಗೆ ಹೇಳಿದರೆ ನಾನು ಬೈದ ಹಾಗೆ ಆಗುತ್ತದೆ, ಇಲ್ಲಿ ರಸ್ತೆಯೇ ಹೇಳುತ್ತದೆ ಅಂದರು. ಗಿರಾಕಿಗಳ ಎದುರಿಗಂತೂ ಅವರು ನಮ್ಮ ಕುಂದನ್ನು ಎತ್ತಿದ್ದೇ ಇಲ್ಲ. ಹುಡುಗಿ ದನಿ ಸಣ್ಣದಾಯಿತಲ್ಲ ಅಂತ ಯಾರಾದರೂ ಗೊಣಗಿದರೆ, "ನಾಳೆ ಬಂದು ಕೇಳ್ರಿ" ಅನ್ನುತ್ತಿದ್ದರು. ನಾನು ದಿನಚರಿ ಬರೆಯುವವಳು. ಜನ ಆಟೋ ನಿಲ್ಲಿಸಿ ಕೇಳಿದಾಗಲೆಲ್ಲ ಆ ದಿನದ ಪುಟದಲ್ಲಿ ಒಂದು ಗೀಟು ಎಳೆಯುತ್ತಿದ್ದೆ. ದೀಪಾವಳಿಯ ಹೊತ್ತಿಗೆ ಪುಟದ ತುಂಬ ಇದ್ದ ಗೀಟುಗಳು ಯುಗಾದಿಯ ಹೊತ್ತಿಗೆ ಅಲ್ಲೊಂದು ಇಲ್ಲೊಂದಾದವು. ಕೆಲಸ ಕಾಯಂ ಆಯಿತು.

ಒಂದು ವಿಷಯ ಮಾತ್ರ ನನಗೆ ಕಾಣುತ್ತಿತ್ತು. ತಮ್ಮ ದನಿಯ ಹಿಂದೆ ಅವರು ಒಂದು ದಿನವೂ ನಡೆದವರಲ್ಲ. ನಾಗಲದಿನ್ನೆಯ ಕುರಿ ಸಾಕುವವರ ಮನೆಯಲ್ಲಿ ಹುಟ್ಟಿ, ಹೊಳೆಯ ಆಚೆ ದಡದ ಕುರಿಗಳನ್ನು ಕರೆದು ಬೆಳೆದ ದನಿ ಅದು. ಹಿನ್ನೆಲೆಗೆ ಡೊಳ್ಳು ಬಾರಿಸಿ, "ಹೊಳೆದಂಡೆಯ ಹಿರಿಯರೇ, ಹಾಲುಕ್ಕುವ ಮನೆಯ ತಾಯಂದಿರೇ" ಅಂತ ಶುರು ಮಾಡಿದರೆ ಮೈ ಜುಮ್ಮೆನ್ನುತ್ತಿತ್ತು. ಅಂಥ ದನಿಯಲ್ಲಿ ತಪ್ಪಿದೆ ಅಂತ ಯಾರು ಹೇಳಬೇಕು?

ಆ ವರ್ಷ ಮಳೆ ಹಿಡಿದ ಮೇಲೆ ಕುರಿಗಳಿಗೆ ನೀಲಿ ನಾಲಿಗೆ ರೋಗ ಬಿತ್ತು. ಭಾನುವಾರ ಒಂದೇ ದಿನ ನಾಗಲದಿನ್ನೆಯ ಶಾಲೆಯ ಮುಂದೆ ದನದ ಡಾಕ್ಟರು ಲಸಿಕೆಯ ಸೂಜಿ ಹಾಕುತ್ತಾರೆ ಅಂತ ಪ್ರಚಾರ ಮಾಡುವ ಕೆಲಸ ಬಂತು. ತಮ್ಮ ಊರಿನ ಕೆಲಸ ಅಂತ ಉರುಕುಂದಪ್ಪನವರೇ ದನಿ ಕೊಟ್ಟರು. ಶುಕ್ರವಾರ ಬೆಳಿಗ್ಗೆ ನಾನು ಆಟೋದ ಜೊತೆ ಹೋದೆ. ಜನ ನಿಂತು ಕೇಳಿದರು, ನಕ್ಕರು, ತಲೆದೂಗಿದರು. ಡೊಳ್ಳು, ಹಿರಿಯರು, ತಾಯಂದಿರು ಎಲ್ಲ ಮುಗಿದು ವಾರದ ಹೆಸರು ಬರುವಷ್ಟರಲ್ಲಿ ಆಟೋ ಊರ ಹೊರಗಿರುತ್ತಿತ್ತು. ಹೊಲದ ದಾರಿಯಲ್ಲಿ ಕುರಿ ಹೊಡೆದುಕೊಂಡು ಹೋಗುವವರಿಗೆ ಅಷ್ಟೂ ಕೇಳಲಿಲ್ಲ. ಶಿಬಿರ ತಪ್ಪಿದರೆ ಹಿಂಡುಗಳು ಉಳಿಯುತ್ತಿರಲಿಲ್ಲ.

ಮಧ್ಯಾಹ್ನ ಅಂಗಡಿಗೆ ವಾಪಸಾದಾಗ ಇಬ್ಬರು ಗಿರಾಕಿಗಳು ಕೂತಿದ್ದರು. ಅವರೆದುರು ಬಾಯಿ ತೆರೆಯುವ ಹಾಗಿರಲಿಲ್ಲ. ಬಾಗಿಲಲ್ಲಿದ್ದ ಉರುಕುಂದಪ್ಪನವರ ಚಪ್ಪಲಿಗಳನ್ನು ತಂದು ಅವರ ಕಾಲ ಬಳಿ ಇಟ್ಟೆ.

"ಯಾರ್ದು?" ಅಂದರು.

"ನಿಮ್ದ ಸಾರ್."

ಅವರ ಮುಖ ಕಪ್ಪಿಟ್ಟಿತು. ಈ ಕೆಲಸ ಇವತ್ತಿಗೆ ಮುಗಿಯಿತು ಅಂದುಕೊಂಡೆ, ಆದರೂ ಕಾಲು ಹಿಂದೆ ತೆಗೆಯಲಿಲ್ಲ. ಅವರು ಬಹಳ ಹೊತ್ತು ಚಪ್ಪಲಿಗಳನ್ನೇ ನೋಡಿದರು. ಆಮೇಲೆ ಹಾಕಿಕೊಂಡರು.

ಆಟೋ ಹತ್ತಿ ನಾಗಲದಿನ್ನೆಗೆ ಹೋದೆವು. ಊರೊಳಗೆ ಅವರು ಇಳಿದು ತಮ್ಮದೇ ದನಿಯ ಹಿಂದೆ ನಡೆದರು. ಚಹಾದಂಗಡಿಯ ಮುಂದೆ ಕುರಿ ಕಾಯುವ ಮಾರೆಪ್ಪಜ್ಜ ಕೈ ಎತ್ತಿ ಆಟೋ ನಿಲ್ಲಿಸಿದ.

"ಉರುಕುಂದಾ, ದನಿ ಭಾರಿ ಐತಲೇ. ನಾಟಕ ಯಾವತ್ತೈತಿ?"

ಮೌಲಾಲಿ ನಗು ತಡೆಯಲಾರದೆ ಮುಖ ತಿರುಗಿಸಿದ. ಉರುಕುಂದಪ್ಪನವರು ನಗಲಿಲ್ಲ. ಇಷ್ಟು ವರ್ಷ ಯಾಕೆ ಯಾರೂ ಹೇಳಲಿಲ್ಲ ಅಂತ ನನ್ನನ್ನು ಕೇಳಿದರು.

"ನೀವು ಇಷ್ಟು ವರ್ಷ ಬಂದಿಲ್ಲಲ್ರಿ ಸಾರ್" ಅಂದೆ.

ಅವರು ಮುದ್ರಿಸಿದ್ದನ್ನು ನಿಲ್ಲಿಸಿ ಮೈಕ್ ಕೈಗೆ ತೆಗೆದುಕೊಂಡರು. "ಭಾನುವಾರ. ಭಾನುವಾರ ಮುಂಜಾನಿ. ನಾಗಲದಿನ್ನಿ ಶಾಲಿ ಮುಂದ. ಕುರಿಗೆ ಸೂಜಿ." ಡೊಳ್ಳಿಲ್ಲ, ಹಿರಿಯರಿಲ್ಲ, ತಾಯಂದಿರಿಲ್ಲ. ಆ ಸಂಜೆ, ಮರುದಿನ ಇಡೀ, ಹೊಳೆದಂಡೆಯ ಊರುಗಳಲ್ಲಿ, ಹೊಲದ ದಾರಿಗಳಲ್ಲಿ ಇಷ್ಟನ್ನೇ ಕೂಗಿದರು. ಗಂಟಲು ಕಟ್ಟಿದಾಗ ಮೈಕನ್ನು ನನಗೆ ಕೊಟ್ಟು, ಬಿಸಿನೀರು ಕುಡಿದು ಮತ್ತೆ ತೆಗೆದುಕೊಂಡರು. ಭಾನುವಾರ ಬೆಳಗಾಗುವ ಮೊದಲೇ ಹಿಂಡುಗಳು ಬರತೊಡಗಿದವು. ಡಾಕ್ಟರಿಗೆ ಊಟಕ್ಕೂ ಏಳಲಾಗಲಿಲ್ಲ. ಆಮೇಲೆ ತಮ್ಮ ಪ್ರತಿಯೊಂದು ರೆಕಾರ್ಡಿಂಗಿಗೂ ಅವರೇ ಆಟೋದ ಹಿಂದೆ ನಡೆದರು.

ಎರಡು ವರ್ಷದ ನಂತರ ಗಂಟಲ ಕಾಯಿಲೆಯಾಗಿ, ಅಂಗಡಿಯನ್ನು ನನಗೆ ಒಪ್ಪಿಸಿ ಮಾಧವರಂನ ಮಗಳ ಮನೆಗೆ ಹೋದರು. ಕೊನೆಯ ಸಲ ನೋಡಲು ಹೋದಾಗ ಹೊಸದಾಗಿ ಮಾಡಿದ ರೆಕಾರ್ಡಿಂಗನ್ನು ಫೋನಿನಲ್ಲಿ ಕೇಳಿಸಿದೆ. ಅದರ ಒಂದು ಸಾಲನ್ನು ಅವರಿಗೆ ಇಷ್ಟವಾಗಲಿ ಅಂತಲೇ ಅವರ ಹಾಗೆ ಎಳೆದು ಹೇಳಿದ್ದೆ. ಅವರು ಎರಡು ಸಲ ಕೇಳಿ, ನನ್ನನ್ನು ಹತ್ತಿರ ಕರೆದರು. ಉಸಿರಿನಷ್ಟೇ ದನಿ ಉಳಿದಿತ್ತು.

"ಎಲ್ಲಾ ಚೊಲೊ ಐತಿ. ಎರಡನೇ ಸಾಲಿನಾಗ ನಾ ಮಾತಾಡೀನಿ. ಅದನ್ನ ತಗದುಬಿಡು."

ಅವತ್ತೇ ಆದೋನಿಗೆ ಬಂದು ಆ ಸಾಲನ್ನು ನನ್ನ ದನಿಯಲ್ಲಿ ಮತ್ತೆ ಹೇಳಿದೆ. ಆ ತಿಂಗಳು ಮುಗಿಯುವುದರೊಳಗೆ ಅವರು ತೀರಿಕೊಂಡರು. ಹಳೆಯ ಸಾಲನ್ನಾದರೂ ಉಳಿಸಿಕೊಳ್ಳಬೇಕಿತ್ತು ಅಂತ ಮೌಲಾಲಿ ಈಗಲೂ ಅನ್ನುತ್ತಾನೆ. ತೆಗೆದುಬಿಡು ಅಂದಿದ್ದರು, ತೆಗೆದೆ.