ಬಿಸಿಲ್ಗುದುರೆ ಹಿಂದೆ ಹೋದ ಶನಿವಾರ

ರಾಜಸ್ಥಾನ ನೋಡುವ ಆಸೆ ಮಗಳದು. ಜೋಧ್‌ಪುರದಲ್ಲಿ ಬಾಡಿಗೆಗೆ ಕಾರು ಹಿಡಿದು, ಯಜಮಾನರೇ ಓಡಿಸಿಕೊಂಡು ಜೈಸಲ್ಮೇರ್ ಕಡೆ ಹೊರಟೆವು. ಹೊಸ ಹೆದ್ದಾರಿ ಬೇಡ, ಮರಳುಗಾಡಿನ ಹಳೇ ರಸ್ತೆಯೇ ಚೆಂದ ಎಂದವಳೂ ಅವಳೇ. ಎರಡೂ ಕಡೆ ಮರಳು, ಮುಳ್ಳುಪೊದೆ, ಒಂಟೆ. ನಮ್ಮೂರು ಸೂಲಿಬೆಲೆಯಲ್ಲಿ ಹಸುಗಳು ರಸ್ತೆಗೆ ಅಡ್ಡ ನಿಲ್ಲುವ ಹಾಗೇ ಒಂಟೆಗಳೂ ನಿಲ್ಲುತ್ತಿದ್ದವು. ಹಾರನ್‌ಗೂ ಜಗ್ಗುತ್ತಿರಲಿಲ್ಲ.

ನನ್ನ ಮನಸ್ಸೆಲ್ಲ ಹಿಂದಿನ ಸೀಟಿನಲ್ಲಿ ಪಕ್ಕದಲ್ಲೇ ಕೂತಿದ್ದ ಅತ್ತೆಯ ಮೇಲಿತ್ತು. ಶನಿವಾರ ತುಳಸಿಗೆ ನೀರೆರೆಯದೆ ಅವರು ಬಾಯಿಗೆ ಏನೂ ಇಡುವವರಲ್ಲ. ಇಳಿದುಕೊಂಡಿದ್ದ ಲಾಡ್ಜಿನಲ್ಲಿ ತುಳಸಿ ಇರಲಿಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ ಬೇರೆ. ಹೊತ್ತು ನೆತ್ತಿಗೆ ಬಂದಿತ್ತು, ಅವರ ಕೈ ಸಣ್ಣಗೆ ನಡುಗುತ್ತಿತ್ತು. ರಾಗಿ ಹುರಿಹಿಟ್ಟಿನ ಡಬ್ಬ ನನ್ನ ತೊಡೆಯ ಮೇಲೇ ಇತ್ತು. ತಿಮ್ಮಪ್ಪಾ, ನೀನೇ ದಾರಿ ತೋರಿಸು ಎಂದುಕೊಂಡೆ.

“ಅಗೋ ಕೆರೆ!” ಎಂದರು ಅತ್ತೆ. “ಕೆರೆ ಇದ್ಮೇಲೆ ಊರಿರಲ್ವಾ? ಊರಲ್ಲಿ ಒಂದು ತುಳಸಿ ಗಿಡ ಇರಲ್ವಾ? ಬಿರ್‌ಬಿರ್ನೆ ಓಡ್ಸಪ್ಪ.”

ರಸ್ತೆಯ ತುದಿಯಲ್ಲಿ ನೀರು ತಳತಳ ಎನ್ನುತ್ತಿತ್ತು. ನಾವು ಹೋದಷ್ಟೂ ಮುಂದಕ್ಕೆ ಸರಿಯುತ್ತಿತ್ತು.

“ಕೆರೆ ಅಲ್ಲ ಕಣವ್ವಾ, ಬಿಸಿಲ್ಗುದುರೆ ಅದು,” ಎಂದರು ಯಜಮಾನರು.

“ಕುದ್ರೆನೇ ಆಗ್ಲಿ ಬಿಡು. ಅದೂ ನೀರು ಕುಡಿಯಕ್ಕೇ ಹೋಗ್ತಿರ್ತದೆ. ಅದ್ರ ಹಿಂದಿಂದೇ ನಡಿ!”

ಮುಂದೆ ಕೂತಿದ್ದ ಮಗಳು ಬಿದ್ದು ಬಿದ್ದು ನಕ್ಕಳು. ಅವಳ ನಗು ನಿಲ್ಲುವ ಮೊದಲೇ ತಿರುವಿನಲ್ಲಿ ಒಂದು ಮಣ್ಣಿನ ಮನೆ, ಅದರ ಬಾಗಿಲಲ್ಲಿ ಹಳೇ ಎಣ್ಣೆ ಡಬ್ಬದೊಳಗೆ ಒಂದು ಗಿಡ ಕಂಡಿತು. ಅತ್ತೆ ಇಳಿದವರೇ ಕೈ ತೋರಿಸಿ, “ತುಳಸಿ!” ಎಂದರು.

“ತುಲಸೀ!” ಎಂದು ಮನೆಯಾಕೆಯೂ ನಕ್ಕಳು. ಅತ್ತೆಗೆ ಬೇಕಾಗಿದ್ದ ಹಿಂದಿ ಅಷ್ಟೇ.

ಆಕೆ ಚೊಂಬಿನಲ್ಲಿ ನೀರು ತಂದಳು. ಊರಲ್ಲಿ ಕೊಡವನ್ನೇ ಬಗ್ಗಿಸುವ ಅತ್ತೆ, ಗೋಡೆ ಪಕ್ಕದ ಖಾಲಿ ಕೊಡಗಳನ್ನು ನೋಡಿ, ಅಂಗೈಯಷ್ಟು ನೀರೆರೆದು ಉಳಿದದ್ದನ್ನು ಹಿಂದಕ್ಕೆ ಕೊಟ್ಟರು. ಆಕೆ ಬಿಡಲಿಲ್ಲ, ಮಜ್ಜಿಗೆ ತಂದಳು. ಅದರಲ್ಲೇ ಹುರಿಹಿಟ್ಟು ಕಲಸಿದೆ. ಅತ್ತೆ ಮೊದಲ ಉಂಡೆ ಆಕೆಯ ಕೈಗಿಟ್ಟು, “ತಿನ್ನವ್ವ, ನಮ್ಮೂರ ರಾಗಿ,” ಎಂದರು. ಆಮೇಲೆ ತಾವು ತಿಂದರು. ನಡುಕ ನಿಂತಿತು. ನನಗೂ ಆಗಲೇ ಹಸಿವಾಯಿತು.

ಕಾರು ಹತ್ತಿದ ಮೇಲೆ ಅತ್ತೆ ಮಗನ ಭುಜ ತಟ್ಟಿ, “ನೋಡ್ದಾ, ನಿನ್ ಕುದ್ರೆ ಸರ್ಯಾಗೇ ಕರ್ಕೊಂಡ್ಬಂತು!” ಎಂದರು.

ಮುಂದೆ ರಸ್ತೆಯ ಮೇಲೆ ಮತ್ತೆ ಕೆರೆ ತಳತಳಿಸಿತು. ನಾನು ಅದಕ್ಕೂ ಕೈ ಮುಗಿದೆ.