ಎರಡನೇ ಗೋಲ್‌ಕೀಪರನ ಶಾಲು

ಅಂಗಡಿ ತೆರೆದು ಅರ್ಧ ತಾಸಾಗಿಲ್ಲ, ಒಳಗೆಲ್ಲ ಕೆಂಪು ಬಾಳೆಹಣ್ಣಿನ ವಾಸನೆ ತುಂಬಿಕೊಂಡಿದೆ. ಕಮಲಾಪುರದ ಹಣ್ಣು. ನೀವು ತಿಂದಿದ್ದರೆ ಗೊತ್ತೇ ಇರುತ್ತದೆ, ತಿಂದಿಲ್ಲದಿದ್ದರೆ ನಾನು ವಿವರಿಸಿ ಉಪಯೋಗವಿಲ್ಲ. ಕನ್ನಡಕದ ಅಂಗಡಿಗೆ ಒಪ್ಪುವ ವಾಸನೆಯಂತೂ ಅಲ್ಲ. ಮೊದಲು ಬಂದ ಗಿರಾಕಿ ಫ್ರೇಮು ನೋಡುವುದು ಬಿಟ್ಟು ಆ ಹಣ್ಣಿನ ಚಿಪ್ಪನ್ನೇ ನೋಡುತ್ತ ಕುಳಿತಿದ್ದಾರೆ. ಹಣ್ಣು ತಂದಿಟ್ಟ ಶಿವಶರಣಪ್ಪ ಮಾಸ್ತರರು "ಚಾ ಕುಡ್ದು ಬರ್ತೀವಿ ತಂಗಿ" ಎಂದು ಜೊತೆಗಿದ್ದವನನ್ನು ಕರೆದುಕೊಂಡು ಹೊರಗೆ ಹೋಗಿದ್ದಾರೆ. ಜೊತೆಗಿದ್ದವನು ಯಾರು ಎಂಬುದೇ ಈ ಕತೆ. ಅವರು ಬರುವುದರೊಳಗೆ ನಿಮಗೆ ಹೇಳಿಬಿಡುತ್ತೇನೆ.

ಜಗತ್ ಸರ್ಕಲ್ಲಿನ ಹತ್ತಿರದ ಈ ಅಂಗಡಿ ನಮ್ಮಪ್ಪನದು. ಅವರಿಂದ ನನಗೆ ಬಂದದ್ದು ಮೂರು: ಕಣ್ಣು ತಪಾಸಣೆಯ ವಿದ್ಯೆ, ಭಾರವಾದ ಒಂದು ತಪಾಸಣೆ ಕುರ್ಚಿ, ಮತ್ತು ಫುಟ್ಬಾಲಿನ ಹುಚ್ಚು. ಕಲಬುರಗಿಯಲ್ಲಿ ಕ್ರಿಕೆಟ್ ಬಿಟ್ಟು ಫುಟ್ಬಾಲ್ ನೋಡುವವರು ಒಬ್ಬರನ್ನೊಬ್ಬರು ಹುಡುಕಿಕೊಳ್ಳಬೇಕು. ಹಾಗೆ ಹುಡುಕಿಕೊಂಡವರೆಲ್ಲ ನನ್ನ ಅಂಗಡಿಗೆ ಬಂದು ಸೇರಿದರು. ಇಲ್ಲಿ ಟಿವಿ ಇದೆ, ಬೆಂಚಿದೆ, ಬೇಸಿಗೆಗೆ ಕೂಲರ್ ಇದೆ. ನಮ್ಮ ಮೇಲಿನ ಪ್ರೀತಿಗಿಂತ ಕೂಲರಿನ ಮೇಲಿನ ಪ್ರೀತಿಯೇ ಹೆಚ್ಚೆಂದು ನನಗೆ ಅನುಮಾನವಿದೆ. ನಮ್ಮ ತಂಡದ ಹೆಸರನ್ನು ಮಾತ್ರ ಹೇಳುವುದಿಲ್ಲ. ಹೇಳಿದರೆ ಎದುರಾಳಿ ತಂಡದವರು ಕನ್ನಡಕಕ್ಕೆ ಬೇರೆ ಅಂಗಡಿಗೆ ಹೋದಾರು. ಅದರ ಮೈದಾನ ದೂರದ ಊರಿನಲ್ಲಿದೆ. ನಮ್ಮಲ್ಲಿ ಯಾರೂ ಅದನ್ನು ಟಿವಿಯಲ್ಲಲ್ಲದೆ ನೋಡಿದವರಲ್ಲ. ಆದರೂ ಅಲ್ಲಿ ಹುಲ್ಲು ಸರಿಯಾಗಿ ಕತ್ತರಿಸಿಲ್ಲವೆಂದು ಸಿಟ್ಟಾಗುವಷ್ಟು ಅದು ನಮ್ಮದು.

ಪಂದ್ಯಗಳ ಕಾಲದಲ್ಲಿ ನಾವು ಹೆಚ್ಚು ಮಾತಾಡುವವರಲ್ಲ. ನಮ್ಮ ನಿಜವಾದ ಕಾಲ ಆಟವಿಲ್ಲದ ಬೇಸಿಗೆ. ಯಾರು ತಂಡ ಬಿಟ್ಟರು, ಯಾರು ಸೇರಿದರು, ಹೊಸ ಕೋಚು ಎಂಥವನು ಎಂಬ ಚರ್ಚೆಗೆ ಹೊರಗಿನ ಬಿಸಿಲೂ ನಾಚಬೇಕು. ಕೋಟೆ ಕಡೆಯ ಖಾದರ ಸಾಹೇಬರು ಹರೆಯದಲ್ಲಿ ಡಿಫೆಂಡರ್ ಆಗಿದ್ದವರು, ಈಗ ಟೇಲರ್. ಪ್ರತಿ ಹೊಸ ಆಟಗಾರನ ಅಳತೆಯನ್ನು ಟಿವಿಯ ಮೇಲೇ ತೆಗೆಯುತ್ತಾರೆ. "ಭುಜ ಅಗಲ ಅದ, ಕಾಲಾಗ ದಮ್ ಇಲ್ಲ. ನಕ್ಕೋ, ಬ್ಯಾಡೇ ಬ್ಯಾಡ" ಎಂದರೆ ಮುಗಿಯಿತು. ಕ್ಲಬ್ಬಿನವರು ಅವರನ್ನು ಕೇಳದೇ ಕರಾರು ಮಾಡಿಕೊಳ್ಳುವುದೊಂದೇ ತೊಂದರೆ.

ಶಿವಶರಣಪ್ಪ ಮಾಸ್ತರರು ಕಮಲಾಪುರದ ಕಡೆ ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ನೌಕರಿಯಲ್ಲಿ ಎಷ್ಟೋ ಬೀಳ್ಕೊಡುಗೆ ಸಮಾರಂಭ ನಡೆಸಿದ್ದ ಅವರಿಗೆ, ತಂಡ ಬಿಟ್ಟು ಹೋಗುವ ಆಟಗಾರರನ್ನು ನಾವು ಬೈದು ಕಳಿಸುವುದು ಸರಿಕಾಣಲಿಲ್ಲ. "ಹೋಗೋ ಮನ್ಷಾಗ ಒಂದ ಶಾಲ, ನಾಕ ಛಲೋ ಮಾತ. ಅಷ್ಟೂ ಮಾಡ್ಲಿಲ್ಲಂದ್ರ ನಾವ್ಯಾಕ ಅಭಿಮಾನಿಗಳ್ರೀ?" ಎಂದು ಒಂದು ಪದ್ಧತಿ ಹಾಕಿಕೊಟ್ಟರು. ತಪಾಸಣೆ ಕುರ್ಚಿಯೇ ಸನ್ಮಾನದ ಕುರ್ಚಿ. ಖಾಲಿ ಕುರ್ಚಿಗೆ ಶಾಲು ಹೊದಿಸುವುದು, ಹೋದವನ ಬಗ್ಗೆ ಪ್ರತಿಯೊಬ್ಬರೂ ಒಳ್ಳೆಯದನ್ನೇ ಹೇಳುವುದು, ಕೊನೆಗೆ ಬಾಳೆಹಣ್ಣು ತಿನ್ನುವುದು. ಶಾಲು ಮಡಿಸಿಟ್ಟರೆ ಮುಂದಿನವನಿಗೂ ಅದೇ.

ಒಳ್ಳೆಯದನ್ನೇ ಹೇಳುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ಫೈನಲ್ಲಿನಲ್ಲಿ ಪೆನಾಲ್ಟಿ ಆಕಾಶಕ್ಕೆ ಹೊಡೆದ ಒಬ್ಬ ಫಾರ್ವರ್ಡ್ ಹೋದಾಗ ಖಾದರ ಸಾಹೇಬರು ಬಹಳ ಹೊತ್ತು ಯೋಚಿಸಿ, "ಅವನ ಕೂದ್ಲ ಭಾಳ ಛಲೋ ಇದ್ವು" ಎಂದು ಕುಳಿತರು. ಸಾಲಾಗಿ ಸೋತ ವಿದೇಶಿ ಕೋಚಿಗೆ ನಾನು, ಎಂಥ ಸೋಲಿನಲ್ಲೂ ಅವರ ಅಂಗಿಯ ಇಸ್ತ್ರಿ ಕೆಡಲಿಲ್ಲ ಎಂಬ ಪ್ರಶಸ್ತಿ ಕೊಟ್ಟೆ. ಮಾಸ್ತರರು ಗಂಭೀರವಾಗಿ ಚಪ್ಪಾಳೆ ತಟ್ಟಿಸಿದರು.

ನಮ್ಮ ತಂಡದ ಎರಡನೇ ಗೋಲ್‌ಕೀಪರ್ ಕಮಲಾಪುರದ ಸಿದ್ಧಾರಾಮ. ಮಾಸ್ತರರ ಅಕ್ಕನ ಮಗ. ಈ ಸಂಬಂಧ ನಮಗೆ ತಿಳಿದದ್ದು ಬೇರೆಯವರಿಂದ. ಮಾಸ್ತರರ ಬಾಯಲ್ಲಿ ಅವನು ಯಾವಾಗಲೂ "ಎರಡನೇ ಗೋಲ್‌ಕೀಪರ್" ಮಾತ್ರ. ಚರ್ಚೆಯಲ್ಲಿ ಮನೆಯವರೆಂಬ ಪಕ್ಷಪಾತ ಬರಬಾರದಂತೆ. ಅವನೋ ವರ್ಷಗಟ್ಟಲೆ ಬೆಂಚಿನ ಮೇಲೆ ಕುಳಿತವನು. ಮೊದಲನೇ ಕೀಪರನಿಗೆ ಜ್ವರ ಬಂದಾಗ, ಕೆಂಪು ಕಾರ್ಡ್ ಸಿಕ್ಕಾಗ ಎಲ್ಲೋ ಒಮ್ಮೆ ಆಡಿದ್ದು.

ಒಂದು ವರ್ಷ ಹೊಸ ಕೋಚು ಬಂದರು, ಹಳಬರನ್ನು ಬಿಡುತ್ತಾರೆ ಎಂಬ ಸುದ್ದಿ ಹಬ್ಬಿತು. ಮಾಸ್ತರರ ಎದುರಿಗೆ ಗೋಲ್‌ಕೀಪರುಗಳ ಮಾತೇ ಎತ್ತಬಾರದೆಂದು ನಾವು ಉಳಿದವರು ಒಪ್ಪಂದ ಮಾಡಿಕೊಂಡೆವು. ಬೇಸಿಗೆಯಿಡೀ ಗೋಲ್‌ಕೀಪರೇ ಇಲ್ಲದ ತಂಡದ ಬಗ್ಗೆ ಚರ್ಚಿಸಿದೆವು ಎಂದರೆ ನಮ್ಮ ಪಾಡು ನೋಡಿ. ಒಂದು ಸಂಜೆ ಮಾಸ್ತರರು ಬಾಳೆಹಣ್ಣಿನ ಜೊತೆ ಹೊಚ್ಚ ಹೊಸ ಶಾಲು ಹಿಡಿದು ಬಂದರು. ಮೊಬೈಲಿನಲ್ಲಿ ಕ್ಲಬ್ಬಿನ ಪ್ರಕಟಣೆ ತೋರಿಸಿದರು. ಸಿದ್ಧಾರಾಮನನ್ನು ತಂಡದಿಂದ ಬಿಟ್ಟಿದ್ದರು.

"ಇವತ್ತ ಎರಡನೇ ಗೋಲ್‌ಕೀಪರಂದು ಮಾಡ್ಬೇಕ್ರಿ. ಪದ್ಧತಿ ಅಂದ್ರ ಎಲ್ಲಾರಿಗೂ ಒಂದ."

ಶಾಲು ಹೊದಿಸಿದರು. ಆಡದವನ ಬಗ್ಗೆ ಏನು ಹೇಳುವುದು? ಕೂದಲಿನ ಮಾತು ಹೇಳುವಂತಿರಲಿಲ್ಲ, ಮಾಸ್ತರರು ಎದುರಿಗಿದ್ದರು. ಕೊನೆಗೆ ಖಾದರ ಸಾಹೇಬರು ಎದ್ದರು.

"ದೇಖೋ ಮಾಸ್ತರ್, ನಾನೂ ಬೆಂಚಿನ ಮ್ಯಾಲ ಕೂತಾಂವ. ಇವತ್ತ ಆಡಸ್ತಾರ ಅಂತ ಬೂಟಿನ ಲೇಸ್ ಬಿಗೀತೀವಿ, ಬಿಚ್ಕೊಂಡ ಮನೀಗಿ ಬರ್ತೀವಿ. ನಾ ಸಿಟ್ಟಾಗಿ ಬಿಟ್ಟಬಿಟ್ಟೆ. ಅವ ಬಿಡ್ಲಿಲ್ಲ. ಗೋಲ್ ಬಿದ್ದು ಮೊದಲ್ನೇದಾಂವ ತಲಿ ತಗ್ಗಿಸಿದಾಗ ಬೆಂಚಿನಿಂದ ಯಾರು ಕೂಗಿ ಧೈರ್ಯ ಹೇಳ್ತಿದ್ರು? ನಾ ನೋಡೀನಿ."

ಆಮೇಲೆ ಎಲ್ಲರಿಗೂ ನೆನಪಾಗತೊಡಗಿತು. ಪಂದ್ಯಕ್ಕೆ ಮುಂಚೆ ಮೊದಲನೇ ಕೀಪರನಿಗೆ ಚೆಂಡು ಹೊಡೆದು ಹೊಡೆದು ತಯಾರು ಮಾಡುತ್ತಿದ್ದವನು ಇವನೇ. ಅದನ್ನು ನಾನು ಹೇಳಿದೆ. ಅಧ್ಯಕ್ಷ ಭಾಷಣಕ್ಕೆ ಎದ್ದ ಮಾಸ್ತರರು, "ಎರಡನೇ ಗೋಲ್‌ಕೀಪರರು ಶಿಸ್ತಿನಿಂದ ಸೇವಾ ಸಲ್ಲಿಸ್ಯಾರ" ಎಂದವರು ಕನ್ನಡಕ ತೆಗೆದು ಒರೆಸಿಕೊಂಡರು. ಎಷ್ಟು ಹೊತ್ತು ಒರೆಸಿದರೆಂದರೆ, ನಾನು ಒರೆಸುವ ಬಟ್ಟೆಯನ್ನೇ ಬದಲಿಸಿ ಕೊಡಬೇಕಾಯಿತು.

ಆದರೆ ನಾವು ಅವಸರ ಮಾಡಿದ್ದೆವು. ಕೆಲವೇ ವಾರಗಳಲ್ಲಿ ಹೊಸ ಕೋಚು ತಮ್ಮ ಸಹಾಯಕರನ್ನು ಪರಿಚಯಿಸಿದರು. ಗೋಲ್‌ಕೀಪಿಂಗ್ ಕೋಚ್: ಸಿದ್ಧಾರಾಮ. ಮೊದಲನೇ ಕೀಪರ್ ತನಗೆ ಇವನೇ ಬೇಕೆಂದು ಹಟ ಹಿಡಿದನಂತೆ. ಅಂಗಡಿಯಲ್ಲಿ ಆ ದಿನ ಯಾರ ಕಣ್ಣೂ ತಪಾಸಣೆಯಾಗಲಿಲ್ಲ. ಮಾಸ್ತರರು ಮಾತ್ರ "ಛಲೋ ಆತು" ಎಂದಷ್ಟೇ ಹೇಳಿ ಕಮಲಾಪುರದ ಬಸ್ಸು ಹಿಡಿದರು. ಇತ್ತ ಆ ಹೊಸ ಶಾಲು ತೊಡಕಾಯಿತು. ನಾವು ಬೀಳ್ಕೊಟ್ಟವನು ಮರಳಿ ಬಂದರೆ ಏನು ಮಾಡಬೇಕೆಂದು ನಮ್ಮ ಪದ್ಧತಿಯಲ್ಲಿ ಇರಲಿಲ್ಲ. ಅವನಿಗೆಂದೇ ತಂದದ್ದನ್ನು ಬೇರೆಯವರಿಗೆ ಹೊದಿಸುವಂತಿಲ್ಲ, ಅವನಿಗೆ ಕೊಟ್ಟರೆ ಹೋಗು ಅಂದಂತೆ. ಅದು ಫ್ರೇಮುಗಳ ಕಪಾಟಿನಲ್ಲೇ ಉಳಿಯಿತು.

ಆ ಚಳಿಗಾಲ ಮಾಸ್ತರರು ಕರೆದರೆಂದು ನಾನು, ಖಾದರ ಸಾಹೇಬರು ಕಮಲಾಪುರಕ್ಕೆ ಹೋಗಿದ್ದೆವು. ಮಹಾಗಾಂವ ದಾಟುವವರೆಗೂ ಸಾಹೇಬರು ಬಸ್ಸಿನಲ್ಲಿ ಎಡಗಾಲಿನ ಡಿಫೆಂಡರುಗಳ ಕೊರತೆಯ ಬಗ್ಗೆ ಮಾತಾಡಿದರು. ಮಾಸ್ತರರ ಮನೆ ಹೊಸದಾಗಿ ಬಣ್ಣ ಕಂಡು ಫಳಫಳ ಎನ್ನುತ್ತಿತ್ತು. ಹಿತ್ತಲಿನ ಗೋಡೆ ಮಾತ್ರ ಮಣ್ಣಿನ ಗುಂಡು ಗುಂಡು ಗುರುತುಗಳಿಂದ ತುಂಬಿತ್ತು. ಚಹಾ ತಂದ ಅಕ್ಕ, ಸಿದ್ಧಾರಾಮನ ತಾಯಿ, ನಕ್ಕರು.

"ನನ್ನ ಮಗ ಸಣ್ಣಾವಿದ್ದಾಗ ಚೆಂಡ ಹೊಡದಿದ್ದು. ನಮ್ಮ ತಮ್ಮ ಆ ಗ್ವಾಡಿಗಿ ಯಾರಿಗೂ ಬಣ್ಣ ಹಚ್ಚಗೊಡಂಗಿಲ್ರಿ. ಅವ ಬಾಯಿಲೆ ಹೇಳಾಂವಲ್ಲ."

ಮಾಸ್ತರರು ಬಾಳೆಗೆ ನೀರು ಬಿಡುವ ನೆಪದಲ್ಲಿ ಎದ್ದು ಹೋದರು. ನನಗೆ ಆ ಗೋಡೆ ನೋಡಿ ಹೆಮ್ಮೆಯಾಯಿತು. ನಮ್ಮ ಸೀಮೆಯ ಗೋಡೆಯೊಂದು ಅಷ್ಟು ದೂರದ ಗೋಲು ಕಾಯುತ್ತಿದೆ ಎಂಬ ಹೆಮ್ಮೆ.

ಇಕೋ, ಚಹಾ ಕುಡಿದು ಬಂದರು. ಸಿದ್ಧಾರಾಮನೇ. ಇಷ್ಟು ವರ್ಷದಲ್ಲಿ ನಮ್ಮ ಅಂಗಡಿಗೆ ಮೊದಲ ಸಲ ಬಂದಿದ್ದಾನೆ. ಖಾದರ ಸಾಹೇಬರೂ ಸುದ್ದಿ ಸಿಕ್ಕು, ಕೊರಳಲ್ಲಿ ಅಳತೆ ಪಟ್ಟಿ ಇಟ್ಟುಕೊಂಡೇ ಓಡಿ ಬಂದಿದ್ದಾರೆ. ಈ ಬೇಸಿಗೆ ತಂಡಕ್ಕೆ ಮತ್ತೆ ಹೊಸ ಕೋಚು. ಸಿದ್ಧಾರಾಮ ಉಳಿಯುತ್ತಾನೋ ಇಲ್ಲವೋ ಎಂದು ನಾವು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೇವೆ. ಸಾಹೇಬರು ಅದನ್ನೇ ಕೇಳಿದರು.

"ಇನ್ನಾ ಏನೂ ಹೇಳಿಲ್ರಿ ಚಾಚಾ" ಎಂದು ಅವನು ನಗುತ್ತ ತಪಾಸಣೆ ಕುರ್ಚಿಯ ಮೇಲೆ ಕುಳಿತು ನನ್ನತ್ತ ತಿರುಗಿದ. "ಅಕ್ಕಾ, ಓದ್ಲಾಕ ಕಷ್ಟ ಆಗ್ಲಾಕತ್ತದ. ವಯಸ್ಸಾತೇನ್ರಿ?"

ಆ ಕುರ್ಚಿಯಲ್ಲಿ ಅವನಿಲ್ಲದೆ ಅವನ ಸಭೆ ನಡೆದಿತ್ತೆಂದು ಅವನಿಗೆ ಗೊತ್ತಿಲ್ಲ. ನಾನು ಮಸೂರ ಹಾಕಿ ನೋಡುವ ಟ್ರಯಲ್ ಫ್ರೇಮು ಹುಡುಕುತ್ತಿದ್ದೆ. ಮಾಸ್ತರರು ತಾವೇ ಕಪಾಟು ತೆಗೆದು ಶಾಲು ಹೊರತೆಗೆದರು. ಖಾದರ ಸಾಹೇಬರು ಗಾಬರಿಯಾಗಿ, "ಮಾಸ್ತರ್, ಪದ್ಧತಿ" ಎಂದರು. ಮಾಸ್ತರರು ಕೇಳಿಸಿಕೊಳ್ಳಲಿಲ್ಲ. ಮಡಿಕೆ ಬಿಡಿಸಿ, ಕುರ್ಚಿಗಲ್ಲ, ಅವನ ಭುಜಕ್ಕೆ ಹೊದಿಸಿದರು.

ಬಾಳೆಹಣ್ಣು ನೋಡುತ್ತ ಕುಳಿತಿದ್ದ ಗಿರಾಕಿ ಕೇಳಿದರು: "ಯಾರ್ರೀ ಇವ್ರು? ರಿಟೈರ್ ಆದ್ರೇನು?"

"ರಿಟೈರ್ ಅಲ್ರೀ. ನಮ್ಮ ಅಕ್ಕನ ಮಗ" ಎಂದರು ಮಾಸ್ತರರು.

ಗಿರಾಕಿಗೆ ಕೂಲರಿನ ಸದ್ದಿನಲ್ಲಿ ಸರಿಯಾಗಿ ಕೇಳಿಸಿರಲಿಕ್ಕಿಲ್ಲ, ಕಿವಿ ಮುಂದೆ ಮಾಡಿದರು. ನಾನು ಹೋಗಿ ಕೂಲರ್ ಬಂದ್ ಮಾಡಿದೆ. ಮಾಸ್ತರರು ಇನ್ನೊಮ್ಮೆ ಹೇಳಿದರು, ಈ ಸಲ ಹೊರಗೆ ರಸ್ತೆಗೂ ಕೇಳುವಷ್ಟು ದೊಡ್ಡದಾಗಿ.