ದೊಡ್ಡಪ್ಪನ ನಂಬರು ಕೊಟ್ಟಿದ್ದಕ್ಕೆ

ಸ್ನೇಹಿತರೇ, ರೆಸ್ಯೂಮೆಯಲ್ಲಿ ಯಾರದಾದರೂ ಫೋನ್ ನಂಬರು ಕೊಟ್ಟರೆ ಮೊದಲು ಅವರಿಗೊಂದು ಮಾತು ಹೇಳಿ.

ನನ್ನ ತಮ್ಮ ಮಹೇಶ ಮದ್ದೂರಿನ ಒಂದು ಕಾರ್ಖಾನೆಗೆ ಸೂಪರ್‌ವೈಸರ್ ಕೆಲಸಕ್ಕೆ ಅರ್ಜಿ ಹಾಕಿದ್ದಾನೆ. ‘ಅರ್ಜಿದಾರರನ್ನು ಬಲ್ಲವರು’ ಎಂಬಲ್ಲಿ ಹೊಳಲು ಗ್ರಾಮದ ದೊಡ್ಡಪ್ಪನ ಹೆಸರು, ನಂಬರು ಬರೆದವನು ನಾನೇ. ಅವರಿಗೆ ತಿಳಿಸಿರಲಿಲ್ಲ. ಇವತ್ತು ನಾನು ಅವರ ಮನೆಯಲ್ಲಿ ಕಾಫಿ ಕುಡಿಯುವಾಗಲೇ ಮ್ಯಾನೇಜರ್ ಫೋನ್ ಬಂತು. ಸ್ಪೀಕರ್ ಆನ್ ಇತ್ತು.

“ಮಹೇಶ್ ಹೇಗೆ ಸಾರ್?”

ನಮ್ಮ ಕಡೆ ಗುರುತಿಲ್ಲದವರು ಹುಡುಗನ ಬಗ್ಗೆ ವಿಚಾರಿಸಿದರೆ ಅವರು ಹೆಣ್ಣಿನ ಕಡೆಯವರೇ.

“ಚಿನ್ನದಂತ ಉಡುಗ ಕಣಪ್ಪ! ನಾಲೆ ನೀರಿನ ಗದ್ದೆ ಐತೆ. ಇನ್ನೊಬ್ರ ಕೈಕೆಳ್ಗೆ ದುಡಿಯೋ ಕರ್ಮ ಅವನಿಗ್ಯಾಕೆ? ಒಂದ್ ಕಡ್ಡಿ ಎತ್ತಿಡದಂಗೆ ಸಾಕಿವ್ನಿ. ನಿಮ್ ಉಡುಗಿ ಏನ್ ಓದವ್ಳೆ?”

“ನನ್ನ ಮಗಳು ಎರಡನೇ ಕ್ಲಾಸು ಸಾರ್.”

ಫೋನ್ ಕಿತ್ತುಕೊಂಡು ನಡೆದದ್ದನ್ನು ವಿವರಿಸಿದೆ. ಮ್ಯಾನೇಜರ್ ತುಂಬಾ ಹೊತ್ತು ನಕ್ಕರು. ಆಮೇಲೆ ಸೋಮವಾರ ಮಹೇಶನನ್ನು ಸಂದರ್ಶನಕ್ಕೆ ಕಳಿಸಲು ಹೇಳಿದರು.

ವಿಷಯ ತಿಳಿದ ಮೇಲೂ ದೊಡ್ಡಪ್ಪ ಬಗ್ಗಲಿಲ್ಲ. “ಕೆಲ್ಸ ಆದ್ರೇನ್ಲಾ, ದೊಡ್ಡೋರಿಲ್ದೆ ಮಾತುಕತೆಗೆ ಓಯ್ತಾರಾ? ನಾನೂ ಬತ್ತೀನಿ.”

ಅವರ ಪಂಚೆ ಆಗಲೇ ಇಸ್ತ್ರಿಗೆ ಹೋಗಿದೆ.